ಹಳೆಯ ಧಾರಾವಾಹಿಗಳ ಪೋಷಕ ನಟರ ಹೆಸರು ಬರೆದಿಡಿ: ಒಂದು ಬಹಿರಂಗ ಪತ್ರ

ದೂರದರ್ಶನದ ಅಧಿಕಾರಿಗಳಿಗೆ, ಹಳೆಯ ಧಾರಾವಾಹಿಗಳ ಹಕ್ಕು ಇಟ್ಟುಕೊಂಡಿರುವ ನಿರ್ಮಾಪಕರಿಗೆ, ಮತ್ತು ಆ ಕಂತುಗಳನ್ನು ಇವತ್ತಿಗೂ ಹುಡುಕಿ ಹುಡುಕಿ ನೋಡುವ ಎಲ್ಲರಿಗೆ,

ನಮಸ್ಕಾರ.

ಒಂದೇ ಒಂದು ಬೇಡಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಹಳೆಯ ಧಾರಾವಾಹಿಯ ಕಂತನ್ನು ಮತ್ತೆ ಪ್ರಸಾರ ಮಾಡುವಾಗ, ಇಂಟರ್ನೆಟ್ಟಿಗೆ ಹಾಕುವಾಗ, ಅದರಲ್ಲಿ ನಟಿಸಿದ ಪ್ರತಿಯೊಬ್ಬರ ಹೆಸರನ್ನೂ ಪಾತ್ರದ ಸಮೇತ ಬರೆದು ಹಾಕಿ. ನಾಯಕ ನಾಯಕಿಯ ಹೆಸರು ಹೇಗೂ ಇರುತ್ತದೆ. ನಾನು ಕೇಳುತ್ತಿರುವುದು ಉಳಿದವರದ್ದು. ಪೋಸ್ಟ್‌ಮ್ಯಾನ್, ಕಿರಾಣಿ ಅಂಗಡಿಯವನು, ಶಾಲೆಯ ಮೇಷ್ಟ್ರು, ಪಕ್ಕದ ಮನೆಯ ಅಜ್ಜಿ, ಒಂದು ಮಾತು ಹೇಳಿ ಹೋಗಿಬಿಡುವ ಗುಮಾಸ್ತ, ಇವರೆಲ್ಲರದ್ದು. ಈ ಕೆಲಸ ಈಗಲೇ ಆಗಬೇಕು. ಆ ಮುಖ ನೋಡಿದ ಕೂಡಲೇ ‘ಓ, ಇವರು ಇಂಥವರು’ ಅನ್ನಬಲ್ಲ ಜನಕ್ಕೆ ವಯಸ್ಸಾಗಿದೆ. ಅವರಲ್ಲಿ ಅನೇಕರು ಆಗಲೇ ಹೋಗಿಬಿಟ್ಟಿದ್ದಾರೆ.

‘ಮಾಲ್ಗುಡಿ ಡೇಸ್’ನಿಂದಲೇ ಶುರು ಮಾಡುತ್ತೇನೆ. 1986ರಲ್ಲಿ ದೂರದರ್ಶನದಲ್ಲಿ ಶುರುವಾದ ಧಾರಾವಾಹಿ. ಆಗ ಬಂದದ್ದು 39 ಕಂತು. ಆರ್.ಕೆ. ನಾರಾಯಣ್ ಅವರ ಕತೆ, ಟಿ.ಎಸ್. ನರಸಿಂಹನ್ ನಿರ್ಮಾಣ, ಶಂಕರ್ ನಾಗ್ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ಚಿತ್ರಗಳು. ಇದೆಲ್ಲ ನಮಗೆ ಬಾಯಿಪಾಠ. ಸ್ವಾಮಿ ಅಂದರೆ ಮಾಸ್ಟರ್ ಮಂಜುನಾಥ್, ಅಪ್ಪ ಅಂದರೆ ಗಿರೀಶ್ ಕಾರ್ನಾಡ್, ಅಮ್ಮ ಅಂದರೆ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ ಅಂದರೆ ಅನಂತ್ ನಾಗ್. ಇಷ್ಟರವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಆಮೇಲೆ? ಒಂದೊಂದು ಕತೆಯಲ್ಲೂ ಒಂದು ಬೀದಿ ತುಂಬುವಷ್ಟು ಜನ ಇದ್ದಾರೆ. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಮುಖ ಮಾತ್ರ ಚೆನ್ನಾಗಿ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ನಮ್ಮ ನೆಂಟರೇ ಇರಬೇಕು ಅಂದುಕೊಂಡು ಮಾತಾಡಿಸಿಬಿಡುತ್ತೇವೆ, ಅಷ್ಟು ಗೊತ್ತು.

ಬಿಡಿ ಬಿಡಿ ಕತೆಗಳ ಧಾರಾವಾಹಿಗೆ ಒಂದು ಕಷ್ಟ ಇದೆ. ವಾರ ವಾರ ಹೊಸ ಮನೆ, ಹೊಸ ಜನ ಬೇಕು. ಪ್ರತಿ ಕಂತಿಗೂ ಹೊಸಬರನ್ನು ಎಲ್ಲಿಂದ ತರುವುದು? ಅದಕ್ಕೇ ಒಬ್ಬರೇ ನಟ ಒಂದು ಕತೆಯಲ್ಲಿ ಒಬ್ಬನಾಗಿ, ಇನ್ನೊಂದರಲ್ಲಿ ಬೇರೆಯವನಾಗಿ ಬರುತ್ತಾರೆ. ರಮೇಶ್ ಭಟ್ ಅವರನ್ನೇ ನೋಡಿ. ಕ್ಯಾಮೆರಾ ಹಿಂದೆಯೂ ದುಡಿದರು, ಬೇರೆ ಬೇರೆ ಕತೆಗಳಲ್ಲಿ ಮುಂದೆಯೂ ಬಂದು ನಿಂತರು. ಈ ವಾರ ನೋಡಿದ ಮನುಷ್ಯನನ್ನು ಮುಂದಿನ ವಾರ ನಾವು ಬೇರೆ ಯಾರೋ ಅಂತ ನಂಬಬೇಕು. ಮೀಸೆ ಬದಲಾಯಿಸಿದರೆ ಅದು ಆಗುವುದಿಲ್ಲ. ನಡಿಗೆ ಬದಲಾಗಬೇಕು, ಕೈ ಇಡುವ ಜಾಗ ಬದಲಾಗಬೇಕು, ದನಿ ಇನ್ನೊಂದು ಕಡೆಯಿಂದ ಬರಬೇಕು.

ಸಣ್ಣ ಪಾತ್ರಕ್ಕೆ ತೆರೆಯ ಮೇಲೆ ಸಿಗುವುದು ಹೆಚ್ಚೆಂದರೆ ಒಂದೂವರೆ ಎರಡು ನಿಮಿಷ. ಪರಿಚಯ ಮಾಡಿಕೊಡುವ ದೃಶ್ಯ ಇರುವುದಿಲ್ಲ. ಕ್ಲೋಸಪ್ ಇರುವುದಿಲ್ಲ. ಬಂದ ಕೂಡಲೇ ಆ ಮನುಷ್ಯ ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿದ್ದಾನೆ ಅನ್ನಿಸಬೇಕು. ಅದನ್ನು ಇವರು ಹೇಗೆ ಸಾಧಿಸುತ್ತಾರೆ ಅಂತ ನೋಡಬೇಕಾದರೆ ಕೈಗಳನ್ನು ನೋಡಿ. ಒಳ್ಳೆಯ ನಟ ಅಂಗಡಿಯವನಾಗಿ ತಕ್ಕಡಿ ಎತ್ತಿದರೆ ಗಿರಾಕಿಯ ಮುಖ ನೋಡುವುದಿಲ್ಲ, ಮುಳ್ಳು ನೋಡುತ್ತಾನೆ. ಮಾತು ಮಾತ್ರ ಗಿರಾಕಿಯ ಜೊತೆ ನಡೆದಿರುತ್ತದೆ. ಗುಮಾಸ್ತನ ಪಾತ್ರವಾದರೆ ಫೈಲಿನ ದಾರದ ಗಂಟಿಗೆ ಕೈ ಹಾಕಿದಾಗ ಮಾತು ತಾನಾಗಿ ನಿಲ್ಲುತ್ತದೆ. ಗಂಟು ಬಿಚ್ಚಿದ ಮೇಲೆ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಮುಂದುವರಿಯುತ್ತದೆ. ಸ್ಕ್ರಿಪ್ಟಿನಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ. ನಟ ಜೊತೆಗೆ ತಂದದ್ದು ಅದು.

ಎಲ್ಲಿಂದ ತಂದರು ಅಂದರೆ, ಎಷ್ಟೋ ಜನ ಸ್ವಂತ ಮೇಜಿನಿಂದಲೇ ತಂದರು. ಬೆಂಗಳೂರಿನ ಹವ್ಯಾಸಿ ರಂಗಭೂಮಿಯವರು ಹಗಲು ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿ, ಕಾಲೇಜುಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಬರುತ್ತಿದ್ದರು. ಎಚ್.ಜಿ. ದತ್ತಾತ್ರೇಯ, ಅಂದರೆ ನಮ್ಮ ದತ್ತಣ್ಣ, ವಾಯುಪಡೆಯಲ್ಲಿದ್ದವರು. ಅವರ ಅಣ್ಣ ಎಚ್.ಜಿ. ಸೋಮಶೇಖರ ರಾವ್ ಬ್ಯಾಂಕಿನಲ್ಲಿದ್ದವರು, 2020ರಲ್ಲಿ ತೀರಿಕೊಂಡರು. ಬೆನಕ, ನಟರಂಗ, ಸಮುದಾಯ, ಸಂಕೇತ್ ಹೀಗೆ ಒಂದೊಂದು ತಂಡದಲ್ಲೂ ಇಂಥವರು ಹತ್ತಾರು ಜನ. ಶೂಟಿಂಗ್ ಅಂದರೆ ರಜೆ ಹಾಕಬೇಕು, ಮನೆಯವರನ್ನು ಒಪ್ಪಿಸಬೇಕು, ಸಾಹೇಬರನ್ನು ಕಾಡಿ ಬೇಡಿ ಹೊರಡಬೇಕು. ಸಿಗುವ ದುಡ್ಡು ಕಡಿಮೆ. ಆದರೂ ಹೋಗುತ್ತಿದ್ದರು. ನಾಟಕದಲ್ಲಿ ಮುಖ್ಯ ಪಾತ್ರ ಮಾಡುವ ನಟ ಧಾರಾವಾಹಿಯಲ್ಲಿ ನಾಲ್ಕು ಮಾತಿನ ಪಾತ್ರ ಕೊಟ್ಟರೂ ಬೇಡ ಅನ್ನುತ್ತಿರಲಿಲ್ಲ. ಅಂಥವರಿಂದಲೇ ಆ ಧಾರಾವಾಹಿಗಳ ಒಂದೊಂದು ಮೂಲೆಯೂ ಜೀವಂತ ಆಯಿತು.

ವೈಶಾಲಿ ಕಾಸರವಳ್ಳಿ ಅವರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಅವರನ್ನು ‘ಸ್ವಾಮಿಯ ಅಮ್ಮ’ ಅಂತ ದೇಶವೆಲ್ಲ ನೋಡಿತು. ರಂಗಭೂಮಿಯಲ್ಲಿ ದೊಡ್ಡ ನಟಿ, ಸ್ವತಃ ನಿರ್ದೇಶಕಿ. ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. 2010ರಲ್ಲಿ ಹೋಗಿಬಿಟ್ಟರು. ಅವರ ಹೆಸರು ಉಳಿದಿದೆ, ಸಂತೋಷ. ಆದರೆ ಹೊರಗಿನವರಿಗೆ ಇವತ್ತಿಗೂ ಅವರು ಸ್ವಾಮಿಯ ಅಮ್ಮ ಮಾತ್ರ. ಹೆಸರು ಉಳಿದವರ ಕತೆಯೇ ಹೀಗಿದ್ದರೆ ಹೆಸರು ಉಳಿಯದವರದ್ದು ಏನು ಹೇಳುವುದು.

ಕನ್ನಡದಲ್ಲಿ ಕೆಲವರಿಗೆ ಒಂದು ಅದೃಷ್ಟ ಸಿಕ್ಕಿತು. ಪಾತ್ರವೋ ಧಾರಾವಾಹಿಯೋ ಹೆಸರಿಗೇ ಅಂಟಿಕೊಂಡಿತು. ‘ಸಿಹಿ ಕಹಿ’ ಧಾರಾವಾಹಿ ಬಂದು ಚಂದ್ರು ಅವರು ಸಿಹಿ ಕಹಿ ಚಂದ್ರು ಆದರು. ‘ಮುಖ್ಯಮಂತ್ರಿ’ ನಾಟಕದಿಂದ ಇನ್ನೊಬ್ಬರು ಮುಖ್ಯಮಂತ್ರಿ ಚಂದ್ರು ಆದರು. ಇವರನ್ನು ಮರೆಯಲು ಸಾಧ್ಯವೇ ಇಲ್ಲ. ಅದೇ ಕಾಲದಲ್ಲಿ ಅಷ್ಟೇ ಶ್ರದ್ಧೆಯಿಂದ ದುಡಿದು, ಅಂಥ ಅದೃಷ್ಟ ಸಿಗದೇ ಹೋದವರ ಪಟ್ಟಿ ತುಂಬಾ ಉದ್ದ. ಸದಾನಂದ ಸುವರ್ಣ ಅವರ ‘ಗುಡ್ಡದ ಭೂತ’ದ ಹೆಸರು ಎತ್ತಿದರೆ ಎಲ್ಲರೂ ಆ ಹಾಡು ಗುನುಗುತ್ತಾರೆ, ಪ್ರಕಾಶ್ ರೈ ಇದ್ದರು ಅಂತಾರೆ. ಕರಾವಳಿಯ ಉಳಿದ ಕಲಾವಿದರ ವಿಷಯಕ್ಕೆ ಬಂದರೆ ಮಾತು ನಿಂತುಹೋಗುತ್ತದೆ. 1998ರಲ್ಲಿ ಚಂದನದಲ್ಲಿ ಬಂದ ‘ಮಾಯಾಮೃಗ’ದ ಮುಖ್ಯ ಪಾತ್ರಗಳು ನೆನಪಿವೆ. ಆ ಮನೆಗಳಿಗೆ ಬಂದು ಹೋದ ನೆಂಟರು, ಕೋರ್ಟಿನ ಸಿಬ್ಬಂದಿ, ಪಕ್ಕದ ಮನೆಯವರು ಯಾರಾಗಿದ್ದರು?

ಹಿಂದಿ ಧಾರಾವಾಹಿಗಳಲ್ಲಿ ಆಗಿದ್ದನ್ನು ನೋಡಿದರೆ ನಾನು ಕೇಳುತ್ತಿರುವುದು ಸುಮ್ನೆ ಹಳೆಯ ನೆನಪಿನ ಹಂಬಲ ಅಲ್ಲ ಅಂತ ನಿಮಗೂ ಅನ್ನಿಸಬಹುದು. 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಹೊತ್ತಿನಲ್ಲಿ, ರಮಾನಂದ ಸಾಗರ್ ಅವರ ‘ರಾಮಾಯಣ’ ಮತ್ತೆ ಬಂತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರು ಅಂತ ದೂರದರ್ಶನವೇ ಹೇಳಿತು. ಅಷ್ಟು ಕಣ್ಣುಗಳು ಒಟ್ಟಿಗೆ ನೋಡಿದಾಗ ಒಂದು ವಿಚಿತ್ರ ನಡೆಯಿತು. ಒಬ್ಬ ನಟನ ಮುಖ ಮತ್ತೆ ಮತ್ತೆ ಕಾಣಿಸತೊಡಗಿತು. ಒಮ್ಮೆ ಋಷಿ, ಒಮ್ಮೆ ರಾಕ್ಷಸ, ಒಮ್ಮೆ ಸಮುದ್ರರಾಜ, ಒಮ್ಮೆ ವಾನರ. ಯಾರಿದು ಅಂತ ಜನ ಕೇಳಲು ಶುರು ಮಾಡಿದರು. ಅವರು ಅಸ್ಲಂ ಖಾನ್. ಧಾರಾವಾಹಿ ಮೊದಲು ಬಂದದ್ದು 1987ರಲ್ಲಿ. ಅಂದರೆ ಮೂವತ್ತಮೂರು ವರ್ಷ ಆದ ಮೇಲೆ ದೇಶಕ್ಕೆ ಅವರ ಹೆಸರು ಗೊತ್ತಾಯಿತು. ಅದೂ ಜನ ತಮಾಷೆಯ ಚಿತ್ರಗಳನ್ನು ಹಂಚಿಕೊಳ್ಳುತ್ತಾ ಹುಡುಕಿದ್ದರಿಂದ. ನಟ ಯಾರು ಅಂತ ಕಂತಿನ ಜೊತೆಗೇ ಬರೆದಿದ್ದರೆ ಇಷ್ಟು ಕಾಯಬೇಕಿತ್ತಾ?

ಅದೇ ಧಾರಾವಾಹಿಯಲ್ಲಿ ವಿಜಯ್ ಕವೀಶ್ ಶಿವನೂ ಆದರು, ವಾಲ್ಮೀಕಿಯೂ ಆದರು, ಮಯಾಸುರನೂ ಆದರು. ಸುಗ್ರೀವ ಮತ್ತು ವಾಲಿ ಇಬ್ಬರೂ ಶ್ಯಾಮ್ ಸುಂದರ್ ಕಲಾನಿ. ತಮ್ಮನೇ ಅಣ್ಣ, ಅಣ್ಣನೇ ತಮ್ಮ. ತಾನೇ ತನ್ನ ಜೊತೆ ಯುದ್ಧ ಮಾಡಬೇಕು! ಮರುಪ್ರಸಾರ ನಡೆಯುತ್ತಿದ್ದ ಆ ಏಪ್ರಿಲ್ ತಿಂಗಳಲ್ಲೇ ಕಲಾನಿ ತೀರಿಕೊಂಡರು. ಜನ ಅವರ ಹೆಸರು ಕಲಿಯುವ ಹೊತ್ತಿಗೆ ಅವರು ಇರಲಿಲ್ಲ.

ಸತೀಶ್ ಶಾ ಅವರದ್ದು ಇದಕ್ಕೆ ಪೂರ್ತಿ ಬೇರೆ ಕತೆ. 1984ರ ‘ಯೇ ಜೋ ಹೈ ಜಿಂದಗಿ’ಯಲ್ಲಿ ಅವರು ಪ್ರತಿ ಕಂತಿಗೂ ಬೇರೆ ಮನುಷ್ಯ. 55 ಕಂತಿನಲ್ಲಿ 55 ಪಾತ್ರ ಅಂತ ಇವತ್ತಿಗೂ ಹೇಳುತ್ತಾರೆ. ಅಲ್ಲಿ ವೇಷ ಬದಲಾಯಿಸುವುದೇ ಆಟ, ಜನ ಕಾಯುತ್ತಿದ್ದದ್ದೇ ಅದಕ್ಕೆ. ಹಾಗಾಗಿ ಹೆಸರೂ ಬಂತು. 2025ರ ಅಕ್ಟೋಬರ್‌ನಲ್ಲಿ ಅವರು ಹೋದಾಗ ಎಲ್ಲರಿಗೂ ಆ ಪಾತ್ರಗಳು ನೆನಪಾದವು. ‘ನುಕ್ಕಡ್’ನಲ್ಲಂತೂ ನಾಯಕನೇ ಇರಲಿಲ್ಲ. ಬೀದಿ ಮೂಲೆಯ ಸಣ್ಣ ಜನರೇ ಎಲ್ಲ. ಕುಡುಕ ಖೋಪಡಿಯಾಗಿದ್ದ ಸಮೀರ್ ಖಖ್ಖರ್ 2023ರಲ್ಲಿ ತೀರಿಕೊಂಡಾಗ ಸುದ್ದಿಗಳ ತಲೆಬರಹದಲ್ಲೂ ಖೋಪಡಿ ಇದ್ದ. ಅವಕಾಶ ಕೊಟ್ಟರೆ ಜನ ಸಣ್ಣ ಪಾತ್ರವನ್ನು ಎಷ್ಟು ಪ್ರೀತಿಸುತ್ತಾರೆ ಅನ್ನುವುದಕ್ಕೆ ಇವೆರಡು ಸಾಕು.

ಈಗ ಹೆಸರು ಎಲ್ಲಿ ಕಳೆದುಹೋಗುತ್ತದೆ ಅಂತ ಸ್ವಲ್ಪ ನೋಡೋಣ. ಆಗಿನ ಧಾರಾವಾಹಿ ಅರ್ಧ ಗಂಟೆಯ ಜಾಗದಲ್ಲಿ ಕೂರಬೇಕು. ಅದರಲ್ಲೇ ಪ್ರಾಯೋಜಕರ ಜಾಹೀರಾತು. ಉಳಿದ ಸಮಯದಲ್ಲಿ ಕತೆ ಮುಗಿಯಬೇಕು. ಕೊನೆಗೆ ಹೆಸರುಗಳಿಗೆ ಸಿಗುವುದು ಚೂರುಪಾರು ಸಮಯ. ಅವು ಕೆಳಗಿನಿಂದ ಮೇಲಕ್ಕೆ ಓಡುತ್ತವೆ. ಹಳೆಯ ಟೇಪಿನಿಂದ ಬಂದ ಚಿತ್ರವನ್ನು ನಿಲ್ಲಿಸಿ ನೋಡಿದರೆ ಅಕ್ಷರದ ಅಂಚು ಕರಗಿರುತ್ತದೆ. ನಟರ ಹೆಸರು ಒಂದರ ಕೆಳಗೊಂದು ಇರುತ್ತದೆ, ಯಾರು ಯಾವ ಪಾತ್ರ ಅಂತ ಇರುವುದಿಲ್ಲ. ಅದರಲ್ಲೂ ನಮ್ಮ ಹೆಸರುಗಳು ಇಂಗ್ಲಿಷ್ ಅಕ್ಷರಕ್ಕೋ ಹಿಂದಿಗೋ ಹೋಗುವಾಗ ಇನಿಷಿಯಲ್ ಬಿದ್ದುಹೋಗುತ್ತದೆ, ಊರು ಬಿದ್ದುಹೋಗುತ್ತದೆ. ಬರೀ ಕೃಷ್ಣಮೂರ್ತಿ ಅಂದರೆ ಯಾವ ಕೃಷ್ಣಮೂರ್ತಿ? ಬೆಂಗಳೂರಿನ ರಂಗಭೂಮಿಯಲ್ಲಿ ಎಷ್ಟು ಜನ ಕೃಷ್ಣಮೂರ್ತಿಗಳು, ಎಷ್ಟು ಜನ ರಾವ್‌ಗಳು! ಕೊನೆಗೆ ‘ಮತ್ತು ಇತರರು’ ಅಂತ ಒಂದು ಸಾಲು. ಆ ಸಾಲಿನಲ್ಲಿ ಎಷ್ಟು ಜನ ಸೇರಿಹೋದರೋ.

ಇಷ್ಟಾದರೂ ಇದ್ದದ್ದು, ಕಂತು ಇಂಟರ್ನೆಟ್ಟಿಗೆ ಬರುವಾಗ ಕೈಬಿಟ್ಟುಹೋಗುತ್ತದೆ. ಯಾರು ಹಾಕಿದರೂ ಮುಂದಿನ ಕಂತಿಗೆ ಜಾಗ ಮಾಡಿಕೊಡಲು ಕೊನೆಯ ಭಾಗ ಕತ್ತರಿಸುವುದು ರೂಢಿಯಾಗಿದೆ. ವಿವರದ ಜಾಗದಲ್ಲಿ ಮೂರು ನಾಲ್ಕು ದೊಡ್ಡ ಹೆಸರು ಹಾಕಿ ಮುಗಿಸುತ್ತಾರೆ. ಹೆಸರನ್ನು ತೆರೆಯ ಮೇಲಿಂದ ತೆಗೆದರೆ ನೋಡುವವರಿಗೆ ಬೇರೆ ದಾರಿ ಇಲ್ಲ. ದಯವಿಟ್ಟು ಆ ಭಾಗ ಕತ್ತರಿಸಬೇಡಿ. ಅಸ್ಪಷ್ಟವಾಗಿದ್ದರೂ ಪರವಾಗಿಲ್ಲ, ಇರಲಿ.

ಕಾನೂನೂ ಸ್ವಲ್ಪ ನಮ್ಮ ಕಡೆಗಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದಾಗ 38ಬಿ ಅನ್ನುವ ಕಲಂ ಸೇರಿಸಿದರು. ಈ ಅಭಿನಯ ನನ್ನದು ಅಂತ ಗುರುತಿಸಿಕೊಳ್ಳುವ ಹಕ್ಕು ಕಲಾವಿದರಿಗೆ ಇದೆ ಅಂತ ಅದು ಹೇಳುತ್ತದೆ. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಹೊರಗಿಡುವಿಕೆಯೂ ಇದೆ. ಚಿತ್ರದಲ್ಲಿ ಹಾಗೇ ಬಂದು ಹೋಗುವ, ರೂಢಿಯಂತೆ ಎಲ್ಲೂ ಹೆಸರು ಹಾಕದ ವ್ಯಕ್ತಿಗೆ ಈ ಗುರುತಿನ ಹಕ್ಕು ಸಿಗುವುದಿಲ್ಲ. ಹೆಸರು ಹಾಕದಿರುವುದೇ ರೂಢಿಯಾದರೆ ಹಕ್ಕೂ ಹೋಗುತ್ತದೆ ಅಂತಾಯಿತು. ನಾನು ವಕೀಲಿಕೆ ಮಾಡಲು ಬರೆಯುತ್ತಿಲ್ಲ. ರೂಢಿ ಬದಲಾಯಿಸುವುದು ನಿಮ್ಮ ಕೈಯಲ್ಲಿದೆ ಅಂತ ಹೇಳಲು ಬರೆಯುತ್ತಿದ್ದೇನೆ.

ಇದರಲ್ಲಿ ಹೊಟ್ಟೆಪಾಡಿನ ವಿಷಯವೂ ಇದೆ, ಅದನ್ನು ಮರೆಯಬಾರದು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಅರ್ಜಿ ಹಾಕುವಾಗ ಇಷ್ಟು ವರ್ಷ ಕಲಾಸೇವೆ ಮಾಡಿದ್ದೇನೆ ಅನ್ನುವುದಕ್ಕೆ ದಾಖಲೆ ಲಗತ್ತಿಸಬೇಕು. ನಾಟಕದ ಹಳೆಯ ಕರಪತ್ರ, ಪತ್ರಿಕೆಯ ತುಣುಕು, ಪ್ರಮಾಣಪತ್ರ, ಹೀಗೆ. ಊರೂರು ಸುತ್ತಿ ನಟಿಸಿದವರ ಹತ್ತಿರ ಇದೆಲ್ಲ ಎಲ್ಲಿ ಜೋಪಾನವಾಗಿರುತ್ತದೆ? ಧಾರಾವಾಹಿಯಲ್ಲಿ ನಟಿಸಿದ್ದೇನೆ ಅನ್ನುವ ಕಲಾವಿದೆಯ ಮುಖ ಕಂತಿನಲ್ಲಿ ಇದ್ದೇ ಇದೆ. ಹೆಸರು ಮಾತ್ರ ಇಲ್ಲ. ನೀವು ಪ್ರಕಟಿಸುವ ಒಂದು ಪಾತ್ರವರ್ಗದ ಪಟ್ಟಿ ಅಂಥವರ ಅರ್ಜಿಗೆ ಆಧಾರ ಆಗಬಹುದು. ಬೇರೆ ಯಾವ ಕಾರಣವೂ ಬೇಡ, ಇದೊಂದೇ ಸಾಕು ಅಂತ ನನಗನ್ನಿಸುತ್ತದೆ.

ಹೆಸರು ಹುಡುಕುವುದು ಆಗದ ಕೆಲಸ ಏನಲ್ಲ. ದೂರದರ್ಶನವೇ ತಯಾರಿಸಿದ ನಾಟಕ, ಧಾರಾವಾಹಿಗಳಿಗೆ ಕಲಾವಿದರನ್ನು ಕರೆಯುವಾಗ ಕಾಂಟ್ರಾಕ್ಟ್ ಕಳಿಸುತ್ತಿದ್ದರು, ಸಂಭಾವನೆಗೆ ರಸೀದಿ ಪಡೆಯುತ್ತಿದ್ದರು. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲಿ. ಆವತ್ತಿನಿಂದ ಉಳಿದಿರುವ ಕಡತಗಳನ್ನು ಹಳೇ ಕಾಗದ ಅಂತ ವಿಲೇವಾರಿ ಮಾಡುವ ಮೊದಲು ಒಮ್ಮೆ ತೆರೆದು ನೋಡಿ. ಪ್ರಾಯೋಜಿತ ಧಾರಾವಾಹಿಗಳಾದರೆ ವೋಚರು, ಶೂಟಿಂಗ್ ಡೈರಿ, ಸ್ಟಿಲ್ ಫೋಟೋ ನಿರ್ಮಾಪಕರ ಮನೆಯಲ್ಲಿರುತ್ತವೆ. ಸ್ಟಿಲ್ ಫೋಟೋದ ಹಿಂದೆ ಎಷ್ಟೋ ಸಲ ಪೆನ್ಸಿಲಿನಲ್ಲಿ ಹೆಸರು ಬರೆದಿರುತ್ತಾರೆ. ರಂಗತಂಡಗಳ ಬಳಿ ಆ ವರ್ಷಗಳ ಬ್ರೋಷರುಗಳಿವೆ. ಅದರಲ್ಲಿ ಫೋಟೋ, ಪಾತ್ರ, ಹೆಸರು ಮೂರೂ ಇರುತ್ತವೆ. ಒಂದಕ್ಕೊಂದು ಹೊಂದಿಸಿ ನೋಡಲು ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಉಳಿದ ಅರ್ಧಕ್ಕೆ ಮನುಷ್ಯರು ಬೇಕು. ಹಿರಿಯ ನಟರು, ಸಹಾಯಕ ನಿರ್ದೇಶಕರು, ಮೇಕಪ್‌ನವರು, ಪ್ರೊಡಕ್ಷನ್ ನೋಡಿಕೊಂಡವರು, ಇವರನ್ನು ಒಂದು ಕಡೆ ಕೂರಿಸಿ ಕಂತು ಹಾಕಿ. ಮಧ್ಯೆ ಮಧ್ಯೆ ನಿಲ್ಲಿಸಿ ಕೇಳಿ. ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ. ಹೆಸರಿನ ಜೊತೆ ನೂರು ಸಂಗತಿ ಬರುತ್ತವೆ. ಯಾರು ಆ ದಿನ ಮಳೆಯಲ್ಲಿ ನೆನೆದು ಶಾಟ್ ಕೊಟ್ಟರು, ಯಾರ ಅಂಗಿ ಯಾರು ಹಾಕಿಕೊಂಡಿದ್ದರು, ಯಾರ ದನಿ ಇನ್ನೊಬ್ಬರದ್ದು, ಎಲ್ಲ. ಅವರಿಗೆ ಬರಲು ಆಗದಿದ್ದರೆ ಅವರ ಮನೆಗೇ ಹೋಗಿ. ಗಾಡಿಯ ಖರ್ಚು ಬಿಟ್ಟರೆ ಇದಕ್ಕೆ ದೊಡ್ಡ ದುಡ್ಡೇನೂ ಬೇಡ. ಗುರುತು ಸಿಗದೆ ಉಳಿದ ಮುಖಗಳ ಚಿತ್ರವನ್ನು ಕಂತಿನ ಸಂಖ್ಯೆ ಸಮೇತ ಜನರ ಮುಂದಿಡಿ. ಅಸ್ಲಂ ಖಾನ್ ಅವರನ್ನು ಹುಡುಕಿದ ಜನ ಇವರನ್ನೂ ಹುಡುಕುತ್ತಾರೆ.

ಹೆಸರು ಬರೆಯುವಾಗ ಒಂದು ವಿನಂತಿ. ಕನ್ನಡದ ಕಲಾವಿದರ ಹೆಸರನ್ನು ಕನ್ನಡ ಅಕ್ಷರದಲ್ಲೂ ಬರೆಯಿರಿ. ಇನಿಷಿಯಲ್ ಬಿಡಬೇಡಿ. ಗೊತ್ತಿದ್ದರೆ ಊರು, ರಂಗತಂಡ ಸೇರಿಸಿ. ಅಡ್ಡಹೆಸರಿನಿಂದಲೇ ಗೊತ್ತಿದ್ದವರಾದರೆ ಅದನ್ನೂ ಹಾಕಿ.

ಇನ್ನು ಅರಸಾಳು. ಶಿವಮೊಗ್ಗ ಜಿಲ್ಲೆಯ ಈ ಪುಟ್ಟ ರೈಲು ನಿಲ್ದಾಣವನ್ನು ಮಾಲ್ಗುಡಿ ನಿಲ್ದಾಣವಾಗಿ ತೋರಿಸಿದ್ದರು. 2020ರಲ್ಲಿ ರೈಲ್ವೆಯವರು ಅದನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ ಜಾನ್ ದೇವರಾಜ್ ಅವರೇ ಆ ಕೆಲಸಕ್ಕೂ ಕೈಜೋಡಿಸಿದರು. ಬಹಳ ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ದೊಡ್ಡಮನೆಯನ್ನೂ ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಕಟ್ಟಡಕ್ಕೆ ಇಷ್ಟು ಗೌರವ ಸಿಕ್ಕಿದೆ. ಆ ಜಗಲಿಯ ಮೇಲೆ ಕೂತವರಿಗೆ, ಆ ಪ್ಲಾಟ್‌ಫಾರ್ಮಿನಲ್ಲಿ ನಡೆದವರಿಗೆ, ಗುಂಪಿನಲ್ಲಿ ನಿಂತ ಊರಿನವರಿಗೆ ಒಂದು ಗೋಡೆ ಸಿಗಬಾರದಾ? 39 ಕಂತು, ಒಂದೊಂದರ ಕೆಳಗೆ ನಟಿಸಿದ ಎಲ್ಲರ ಹೆಸರು. ಮ್ಯೂಸಿಯಂ ನೋಡಲು ಬಂದ ಆಗುಂಬೆಯ ಹುಡುಗಿ ಅಲ್ಲಿ ತನ್ನ ಅಜ್ಜನ ಹೆಸರು ಓದುವ ಹಾಗಿರಬೇಕು.

ಎಲ್ಲ ಧಾರಾವಾಹಿಗಳನ್ನೂ ಒಂದೇ ಸಲ ಮಾಡಿ ಅಂತ ಕೇಳುತ್ತಿಲ್ಲ. ‘ಮಾಲ್ಗುಡಿ ಡೇಸ್’ನಿಂದ ಶುರು ಮಾಡಿ. ಅದನ್ನು ನೋಡಿದವರು ಜಾಸ್ತಿ, ನೆನಪಿಟ್ಟುಕೊಂಡವರೂ ಜಾಸ್ತಿ, ಹಾಗಾಗಿ ಹೆಸರು ಬೇಗ ಸಿಗುತ್ತದೆ. ಆಮೇಲೆ ಬೆಂಗಳೂರು ದೂರದರ್ಶನದ ಎಂಬತ್ತರ ದಶಕದ ಕನ್ನಡ ನಾಟಕಗಳು, ಧಾರಾವಾಹಿಗಳು. ಅವುಗಳಲ್ಲಿ ನಟಿಸಿದವರಿಗೆ ವಯಸ್ಸು ಜಾಸ್ತಿಯಾಗಿದೆ, ತಡ ಮಾಡುವ ಹಾಗಿಲ್ಲ.

ಓದುಗರಲ್ಲೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಾದರೂ ಆ ಕಾಲದ ಧಾರಾವಾಹಿಗಳಲ್ಲಿ ನಟಿಸಿದ್ದರೆ ಈ ಭಾನುವಾರವೇ ಅವರ ಪಕ್ಕ ಕೂತು ಕೇಳಿ. ಯಾವ ಧಾರಾವಾಹಿ, ಯಾವ ಕಂತು, ಯಾವ ಪಾತ್ರ, ಜೊತೆಗೆ ಯಾರಿದ್ದರು, ಎಲ್ಲ ಬರೆದುಕೊಳ್ಳಿ. ಆಲ್ಬಮ್ಮಿನ ಫೋಟೋಗಳ ಹಿಂದೆ ಹೆಸರು, ವರ್ಷ ಬರೆಯಿರಿ. ಕರಪತ್ರ, ಕಾಂಟ್ರಾಕ್ಟ್ ಕಾಗದ ಸಿಕ್ಕರೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ದೂರದರ್ಶನದವರು ಮೊದಲ ಪಟ್ಟಿ ಹೊರತಂದಾಗ ಅದರಲ್ಲಿ ಬಿಟ್ಟುಹೋದದ್ದನ್ನು ಸೇರಿಸಲು, ತಪ್ಪಾದದ್ದನ್ನು ತಿದ್ದಲು ಈ ಕಾಗದಗಳೇ ಬೇಕಾಗುತ್ತವೆ.

ಪಟ್ಟಿ ಯಾವಾಗ ಶುರು ಮಾಡುತ್ತೀರಿ ಅಂತ ಸಂಬಂಧಪಟ್ಟವರು ತಿಳಿಸಿದರೆ, ನನಗೆ ಗುರುತಿರುವ ಮುಖಗಳ ಹೆಸರನ್ನು ಮೊದಲ ದಿನವೇ ಕಳಿಸಿಕೊಡುತ್ತೇನೆ.

ಗೌರವದಿಂದ,
ಆ ಧಾರಾವಾಹಿಗಳನ್ನು ನೋಡಿಕೊಂಡೇ ಬೆಳೆದ ಒಬ್ಬ ವೀಕ್ಷಕ